ಮರಕ್ಕೆ ಕಾವಲು, ಹೆಣ್ಣಿಗೆ ತಡೆ: ಬುಸ್ಸಾಕೊ ಕಾಡಿನ ಶಿಲುಬೆ ಹಾದಿ

ಪೋರ್ಚುಗಲ್ಲಿನ ನಡುಭಾಗದಲ್ಲಿ, ಕೊಯಿಂಬ್ರ ನಗರದ ಉತ್ತರ ದಿಕ್ಕಿಗೆ, ಲುಸೊ ಎಂಬ ಸಣ್ಣ ಊರಿನ ಮೇಲ್ಬದಿಯ ಬೆಟ್ಟದಲ್ಲಿ, ಸುತ್ತಲೂ ಕಲ್ಲಿನ ಗೋಡೆ ಇರುವ ಒಂದು ಕಾಡಿದೆ. ಹೆಸರು ಬುಸ್ಸಾಕೊ. ವಿಸ್ತೀರ್ಣ 105 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಸುಮಾರು 260 ಎಕರೆ. ಅದರ ಹಳೆಯ ಹೆಬ್ಬಾಗಿಲಿಗೆ ಕೊಯಿಂಬ್ರ ಬಾಗಿಲು ಎನ್ನುತ್ತಾರೆ. ಅಲ್ಲಿ ಎರಡು ಶಿಲಾಫಲಕಗಳಿವೆ. ಎರಡರಲ್ಲಿಯೂ ಇರುವುದು ಪೋಪರ ಆಜ್ಞೆ. ಒಂದು 1643ರಲ್ಲಿ ಎಂಟನೆಯ ಅರ್ಬನ್ ಹೊರಡಿಸಿದ್ದು: ಈ ಕಾಡಿನ ಮರಗಳಿಗೆ ಹಾನಿ ಮಾಡಿದವರಿಗೆ ಧರ್ಮಬಹಿಷ್ಕಾರ. ಇನ್ನೊಂದು ಅದಕ್ಕೂ ಹಿಂದೆ ಹದಿನೈದನೆಯ ಗ್ರೆಗರಿ ಕೊಟ್ಟದ್ದು: ಹೆಂಗಸರು ಒಳಗೆ ಕಾಲಿಡಬಾರದು, ಇಟ್ಟರೆ ಅವರಿಗೂ ಅದೇ ಶಿಕ್ಷೆ.

ಇವೆರಡನ್ನೂ ಒಂದೇ ಬಾಗಿಲಿನಲ್ಲಿ ನೋಡಿದ ಮೇಲೆ ಒಳಗಿನ ಹಾದಿಯನ್ನು ನಿರಾಳವಾಗಿ ನಡೆಯಲು ನನ್ನಿಂದ ಆಗಲಿಲ್ಲ. ಮೊದಲನೆಯ ಆಜ್ಞೆಗೆ ಕೈಮುಗಿಯಬೇಕೆನಿಸಿತು. ಎರಡನೆಯದರೊಂದಿಗಿನ ನನ್ನ ಜಗಳ ಇನ್ನೂ ಮುಗಿದಿಲ್ಲ.

ಮಗಳು ಕೊಯಿಂಬ್ರದಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋಗಿದ್ದಾಗ, ತಪಸ್ಸು ಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ, ಒಂದು ಬೆಳಿಗ್ಗೆ ಇಬ್ಬರೂ ಬುಸ್ಸಾಕೊಗೆ ಹೊರಟೆವು. ನಾನು ಕ್ರೈಸ್ತಳಲ್ಲ. ಆದರೆ ದಕ್ಷಿಣ ಕನ್ನಡದಲ್ಲಿ ಸಂನ್ಯಾಸಿನಿಯರ ಶಾಲೆಯಲ್ಲಿ ಓದಿದವಳಿಗೆ ಶಿಲುಬೆ ಹಾದಿ ಹೊಸದಲ್ಲ. ತಪಸ್ಸು ಕಾಲದ ಶುಕ್ರವಾರಗಳಲ್ಲಿ ಗೆಳತಿಯರು ಚರ್ಚಿನ ಗೋಡೆಯ ಹದಿನಾಲ್ಕು ಚಿತ್ರಗಳ ಮುಂದೆ ಒಂದೊಂದಾಗಿ ನಿಂತು, ಮೊಣಕಾಲೂರಿ, ಪ್ರಾರ್ಥಿಸಿ, ಎದ್ದು ಮುಂದೆ ಸಾಗುವುದನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದೆ. ಯೇಸುವಿಗೆ ಮರಣದಂಡನೆ ವಿಧಿಸಿದಲ್ಲಿಂದ ಸಮಾಧಿಯವರೆಗೆ ಹದಿನಾಲ್ಕು ಸ್ಥಳಗಳು. ಅಲ್ಲಿ ಇಡೀ ಹಾದಿ ಎರಡು ಗೋಡೆಗಳ ನಡುವೆ ಮುಗಿದುಹೋಗುತ್ತಿತ್ತು. ಬುಸ್ಸಾಕೊದಲ್ಲಿ ಅದೇ ಹಾದಿ ಸುಮಾರು ಮೂರು ಕಿಲೊಮೀಟರ್ ಉದ್ದವಿದೆ. ಇಪ್ಪತ್ತು ಕಿರುಪ್ರಾರ್ಥನಾಲಯಗಳನ್ನು ಪೋಣಿಸಿಕೊಂಡು ಮರಗಳ ಕೆಳಗೆ ಏರುತ್ತಾ ಹೋಗುತ್ತದೆ.

ಈ ಕಾಡನ್ನು ಕಾಡಾಗಿ ಕಾಪಾಡಿದವರು ಕಾರ್ಮೆಲ್ ಎಂಬ ಕ್ಯಾಥೊಲಿಕ್ ಸಭೆಯ ಬರಿಗಾಲ ಸಂನ್ಯಾಸಿಗಳು. 1628ರಲ್ಲಿ ಕೊಯಿಂಬ್ರದ ಬಿಷಪರು ಬೆಟ್ಟವನ್ನು ಅವರಿಗೆ ದಾನವಾಗಿ ಕೊಟ್ಟರು. ಊರು, ಸಂತೆ, ಪ್ರವಚನ ಎಲ್ಲವನ್ನೂ ಬಿಟ್ಟು ಕೆಲವು ಕಾಲ ಕೇವಲ ಧ್ಯಾನದಲ್ಲಿ ಇರುವುದಕ್ಕಾಗಿ ಸಭೆಯ ಪ್ರತಿ ಪ್ರಾಂತವೂ ಒಂದು ಏಕಾಂತ ತಾಣವನ್ನು ಇಟ್ಟುಕೊಳ್ಳುವ ಕ್ರಮ ಅವರಲ್ಲಿತ್ತು. ಹಿಂದಿನ ಕಾಲದ ಈಜಿಪ್ಟಿನ ತಪಸ್ವಿಗಳನ್ನು ನೆನೆದು ಅಂಥ ತಾಣವನ್ನು ಅವರು ‘ಮರುಭೂಮಿ’ ಎಂದು ಕರೆದರು. ಇವುಗಳಲ್ಲಿ ಮೊದಲನೆಯದು ಸ್ಪೇನಿನ ಬೊಲಾರ್ಕೆಯಲ್ಲಿ 1592ರಲ್ಲಿ ಆರಂಭವಾಯಿತು. ಪೋರ್ಚುಗಲ್ಲಿನಲ್ಲಿ ಇದ್ದದ್ದು ಬುಸ್ಸಾಕೊ ಒಂದೇ. ಸಂನ್ಯಾಸಿಗಳು ಮಠ ಕಟ್ಟಿದರು, ಗೋಡೆ ಎಬ್ಬಿಸಿದರು, ಸಸಿ ನೆಟ್ಟರು. ಮಠದ ಬಾಗಿಲುಗಳಿಗೆ ಕಾರ್ಕ್ ಮರದ ತೊಗಟೆಯನ್ನು ಹೊದಿಸಿದರು. ಬಾಗಿಲು ಮುಚ್ಚಿದರೂ ಸದ್ದು ಕೇಳದು. ಆ ತೊಗಟೆಯನ್ನು ಈಗಲೂ ಮುಟ್ಟಿ ನೋಡಬಹುದು, ಒರಟಾಗಿದ್ದರೂ ಬೆಚ್ಚಗಿರುತ್ತದೆ.

ಶಿಲುಬೆ ಹಾದಿ 1644ರದ್ದು. ಕೊಯಿಂಬ್ರ ವಿಶ್ವವಿದ್ಯಾಲಯದ ಅಂದಿನ ಮುಖ್ಯಸ್ಥ ಮನುವೆಲ್ ದೆ ಸಲ್ದಾನ್ಯಾ ಅದನ್ನು ಹಾಕಿಸಿದ. ಆಗ ಇದ್ದದ್ದು ಬರಿಯ ಶಿಲುಬೆಗಳು. ಆ ಶತಮಾನದ ಕೊನೆಯಲ್ಲಿ ಬಿಷಪ್ ಜೊವಾಂವ್ ದೆ ಮೆಲೊ ಅವುಗಳ ಜಾಗದಲ್ಲಿ ಪ್ರಾರ್ಥನಾಲಯಗಳನ್ನು ಕಟ್ಟಿಸಿದ. ಜೆರುಸಲೇಮಿನಲ್ಲಿ ಯೇಸು ನಡೆದ ದೂರವನ್ನು ಹೆಜ್ಜೆಯ ಲೆಕ್ಕದಲ್ಲಿ ಇಲ್ಲಿಗೆ ಇಳಿಸಬೇಕು ಎಂಬುದು ಇದರ ಹಿಂದಿನ ಆಸೆ. ಜೆರುಸಲೇಮಿಗೆ ಹೋಗಲಾರದವನು ಇಲ್ಲಿಯೇ ಅಷ್ಟು ದೂರ ನಡೆಯಲಿ, ಅವನ ಕಾಲಿಗೂ ಅಷ್ಟೇ ದಣಿವಾಗಲಿ. ಭಕ್ತಿಯನ್ನು ಕಾಲಿನಿಂದ ಅಳೆಯುವ ಈ ಕ್ರಮ ನನಗೆ ತುಂಬಾ ಹಿಡಿಸಿತು. ತಿರುಪತಿಯ ಮೆಟ್ಟಿಲು ಹತ್ತುವವರಿಗೆ, ಚಾಮುಂಡಿ ಬೆಟ್ಟವನ್ನು ಬರಿಗಾಲಲ್ಲಿ ಏರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಚರ್ಚಿನಲ್ಲಿ ನೋಡಿದ ಹಾದಿ ರೋಮನ್ ಅಧಿಪತಿ ಪಿಲಾತನ ತೀರ್ಪಿನಿಂದ ಶುರುವಾಗುತ್ತದೆ. ಬುಸ್ಸಾಕೊದ್ದು ಅದಕ್ಕೂ ಹಿಂದಿನ ರಾತ್ರಿಯಿಂದ, ಗೆತ್ಸೆಮನಿ ತೋಪಿನಿಂದ ಆರಂಭ. ಅಲ್ಲಿಂದ ಸೆರೆ ಹಿಡಿದದ್ದು, ಕೆದ್ರೋನ್ ಹಳ್ಳ ದಾಟಿಸಿದ್ದು, ಯಾಜಕರಾದ ಅನ್ನ ಮತ್ತು ಕಾಯಫರ ಮನೆಗಳು, ದೊರೆ ಹೆರೋದನ ಮನೆ, ಪಿಲಾತನ ಮನೆ. ಒಬ್ಬ ಮನುಷ್ಯನನ್ನು ರಾತ್ರಿಯಿಡೀ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಎಳೆದಾಡಿದ್ದನ್ನು ಓದಿ ತಿಳಿದಿದ್ದೆ. ಆ ಬಾಗಿಲುಗಳ ನಡುವಿನ ಅಂತರವನ್ನು ನಡೆದು ತಿಳಿಯುವುದು ಬೇರೆ. ಒಬ್ಬ ಅಧಿಕಾರಿ ತೀರ್ಮಾನಿಸದೆ ಇನ್ನೊಬ್ಬನ ಬಳಿ ಕಳಿಸುತ್ತಾನೆ, ಅವನು ಮತ್ತೆ ಹಿಂದಕ್ಕೆ ಕಳಿಸುತ್ತಾನೆ. ಹಾದಿಯೂ ಹಾಗೆಯೇ ತಿರುಗುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಕಾಯಫನ ಮನೆಯಿಂದ ಮುಂದಕ್ಕೆ ಹೋಗುವಾಗ ನಮ್ಮಿಬ್ಬರಿಗೂ ಮಾತು ಬರಲಿಲ್ಲ.

ಜೆರುಸಲೇಮ್ ಒಣ ಸುಣ್ಣಕಲ್ಲಿನ ನಗರ. ಬುಸ್ಸಾಕೊ ಅದಕ್ಕೆ ತದ್ವಿರುದ್ಧ. ಅಟ್ಲಾಂಟಿಕ್ ಸಮುದ್ರದ ತೇವ ಈ ಬೆಟ್ಟಕ್ಕೆ ತಾಗಿ ಮಂಜಾಗಿ ನಿಲ್ಲುತ್ತದೆ. ಕಲ್ಲಿನ ಮೇಲೆಲ್ಲ ಹಾವಸೆ, ಕಟ್ಟೆಗಳ ಸಂದಿನಲ್ಲಿ ಜರಿಗಿಡ, ಎಲ್ಲಿಂದಲೋ ನೀರು ಹರಿಯುವ ಸದ್ದು. ಆಗುಂಬೆಯ ಮಳೆಗಾಲ ಕಂಡವರಿಗೆ ಪರಿಚಯದ ತೇವ. ಪ್ರಾರ್ಥನಾಲಯಗಳ ಒಳಗೆ ಕತ್ತಲೆ. ಕಂಬಿಗೆ ಮುಖ ಒತ್ತಿ ಕಣ್ಣು ಹೊಂದಿಕೊಳ್ಳುವವರೆಗೆ ಕಾದರೆ ಆಳೆತ್ತರದ ಮಣ್ಣಿನ ಆಕೃತಿಗಳು ಒಂದೊಂದಾಗಿ ಮೂಡುತ್ತವೆ: ಹಗ್ಗ ಹಿಡಿದ ಸೈನಿಕನ ಮುಂಗೈ, ಬಾಗಿದ ಬೆನ್ನು, ಆಮೇಲೆ ಮುಖ.

ಈ ಆಕೃತಿಗಳಿಗೂ ಒಂದು ದುಃಖದ ಕಥೆ ಇದೆ. 1887ರಲ್ಲಿ ಹೊಸ ಆಕೃತಿಗಳನ್ನು ಮಾಡುವ ಕೆಲಸ ರಫಾಯೆಲ್ ಬೊರ್ದಾಲೊ ಪಿನ್ಯೆಯಿರೊ ಎಂಬ ಕಲಾವಿದನಿಗೆ ಒಪ್ಪಿಸಲಾಯಿತು. ಕಾಲ್ದಾಸ್ ದಾ ರೈನ್ಯಾ ಊರಿನಲ್ಲಿ ಕುಂಬಾರಿಕೆಯ ಕಾರ್ಖಾನೆ ನಡೆಸುತ್ತಿದ್ದ, ವ್ಯಂಗ್ಯಚಿತ್ರಗಳಿಂದ ದೇಶಕ್ಕೆಲ್ಲ ಪರಿಚಿತನಾಗಿದ್ದ ಮನುಷ್ಯ. ಅವನು ವರ್ಷಗಟ್ಟಲೆ ದುಡಿದ. ಕೆಲಸ ಪೂರ್ತಿಯಾಗಲಿಲ್ಲ. ಅವನು ಮಾಡಿದ ಆಕೃತಿಗಳು ಈಗ ಆ ಊರಿನ ಮ್ಯೂಸಿಯಂನಲ್ಲಿ ಇವೆ, ಕಾಡಿನಲ್ಲಿ ಇಲ್ಲ. ಇಲ್ಲಿ ನಾವು ನೋಡುವುದು ಇಪ್ಪತ್ತನೆಯ ಶತಮಾನದಲ್ಲಿ ಕೋಸ್ತಾ ಮೋತಾ ಎಂಬ ಶಿಲ್ಪಿ ಮಾಡಿದವು. ತೇವ ಅವನ್ನೂ ಬಿಟ್ಟಿಲ್ಲ.

ಹಾದಿಯ ಮೇಲರ್ಧದಲ್ಲಿ, ವೆರೋನಿಕಾ ಯೇಸುವಿನ ಮುಖ ಒರೆಸುವ ಸ್ಥಳದ ಮುಂದೆ ಮಗಳು ಬಹಳ ಹೊತ್ತು ನಿಂತಳು. “ಅಮ್ಮ, ಬೆಟ್ಟದ ತುದಿ ಮುಟ್ಟುವವರೆಗೆ ಇವನ ಹತ್ತಿರಕ್ಕೆ ತಾವಾಗಿಯೇ ಬಂದವರು ಹೆಂಗಸರು ಮಾತ್ರ, ಅಲ್ಲವೇ?” ಎಂದು ಕೇಳಿದಳು.

ನಾನು ಮನಸ್ಸಿನಲ್ಲಿಯೇ ಚರ್ಚಿನ ಹದಿನಾಲ್ಕು ಸ್ಥಳಗಳನ್ನು ಎಣಿಸಿದೆ. ನಾಲ್ಕನೆಯದರಲ್ಲಿ ತಾಯಿ ಎದುರಾಗುತ್ತಾಳೆ. ಆರನೆಯದರಲ್ಲಿ ವೆರೋನಿಕಾ. ಎಂಟನೆಯದರಲ್ಲಿ ಜೆರುಸಲೇಮಿನ ಹೆಂಗಸರು ಅಳುತ್ತಾ ನಿಂತಿರುತ್ತಾರೆ, ಅವನು ಅವರೊಂದಿಗೆ ಮಾತನಾಡುತ್ತಾನೆ. ಐದನೆಯದರಲ್ಲಿ ಶಿಲುಬೆಗೆ ಹೆಗಲು ಕೊಡುವ ಸಿಮೋನ ಗಂಡಸು, ಆದರೆ ಅವನನ್ನು ಸೈನಿಕರು ಹಿಡಿದು ತಂದದ್ದು. ಮಗಳ ಮಾತು ಸರಿ. ಶಿಲುಬೆ ಹಾದಿಯಿಂದ ಹೆಂಗಸರನ್ನು ತೆಗೆದುಬಿಟ್ಟರೆ ದಾರಿಯುದ್ದಕ್ಕೂ ಉಳಿಯುವುದು ಚಾಟಿ, ಬೀಳುವುದು, ಏಳುವುದು. ಹೀಗಿದ್ದೂ, ಸುಮಾರು ಇನ್ನೂರು ವರ್ಷಗಳ ಕಾಲ ಒಬ್ಬ ಜೀವಂತ ಹೆಂಗಸಿಗೂ ಈ ಹಾದಿಯಲ್ಲಿ ಮೊಣಕಾಲೂರಲು ಅನುಮತಿ ಇರಲಿಲ್ಲ. ಕೆಳಗಿನ ಹಳ್ಳಿಗಳಲ್ಲಿ ಎಷ್ಟು ಜನ ತಾಯಂದಿರು ಬೆಟ್ಟದ ಗಂಟೆಯನ್ನು ಮಾತ್ರ ಕೇಳಿಸಿಕೊಂಡು ಬದುಕು ಮುಗಿಸಿರಬೇಕು.

ಈ ನಿಷೇಧವನ್ನು ಸಮರ್ಥಿಸುವವರು ಹೇಳುವುದನ್ನು ಬಲ್ಲೆ. ಸಂನ್ಯಾಸಿನಿಯರ ಮಠದೊಳಗೆ ಗಂಡಸರಿಗೂ ಪ್ರವೇಶವಿಲ್ಲ. ನಿಯಮ ಎರಡೂ ಕಡೆಗೆ ಸಮ. ಮಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಇದು ಕಣ್ಣಿಗೆ ಕಂಡ ಸಂಗತಿ. ಇದೇ ಕಾರ್ಮೆಲ್ ಸಭೆಯ ಸಂನ್ಯಾಸಿನಿಯರು 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಬಂದು ಕನ್ಯಾಮಠ ಸ್ಥಾಪಿಸಿದರು. ಗಲಿಲಾಯದ ಹಳ್ಳಿಯಲ್ಲಿ ಹುಟ್ಟಿದ ಮರಿಯಂ ಎಂಬ ಅರಬ್ ಯುವತಿ ಆ ಗುಂಪಿನಲ್ಲಿದ್ದಳು. 1871ರಲ್ಲಿ ಮಂಗಳೂರಿನಲ್ಲಿಯೇ ವ್ರತ ಸ್ವೀಕರಿಸಿದಳು. 2015ರಲ್ಲಿ ಅವಳನ್ನು ಸಂತಳೆಂದು ಘೋಷಿಸಿದಾಗ ನಮ್ಮ ಊರಿನವರೂ ಸಂತೋಷಪಟ್ಟೆವು. ಅಲ್ಲಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸುವವರ ಬಗ್ಗೆ ನನಗೆ ಗೌರವವಿದೆ. ಏಕಾಂತ ಬಯಸುವವರಿಗೆ ಏಕಾಂತ ಸಿಗಬೇಕು.

ಆದರೆ ಸಮ ಎಂಬ ಮಾತನ್ನು ನಾನು ಒಪ್ಪಲಾರೆ. ಸಂನ್ಯಾಸಿನಿಗೆ ಸಿಕ್ಕಿದ್ದು ಮಠದ ಒಳಾಂಗಣ ಮತ್ತು ಅದರ ತೋಟ. ಸಂನ್ಯಾಸಿಗೆ ಸಿಕ್ಕಿದ್ದು ಒಂದು ಇಡೀ ಬೆಟ್ಟ, ಅದರ ಚಿಲುಮೆಗಳು, ಮಂಜು, ಓಕ್ ಮರಗಳು. ಅದಕ್ಕಿಂತ ನೋವು ಕೊಡುವ ಸಂಗತಿ ಇನ್ನೊಂದಿದೆ. ಬರಿಗಾಲ ಕಾರ್ಮೆಲ್ ಸಭೆಗೆ ಮೂಲ ಒಬ್ಬ ಹೆಂಗಸು. ಆವಿಲಾದ ತೆರೇಸಾ 1562ರಲ್ಲಿ ಸ್ಪೇನಿನ ತನ್ನ ಊರಿನಲ್ಲಿ, ಕೆಲವೇ ಸಂನ್ಯಾಸಿನಿಯರೊಂದಿಗೆ, ಸಂತ ಜೋಸೆಫರ ಹೆಸರಿನ ಪುಟ್ಟ ಮಠ ತೆರೆದು ಈ ಸುಧಾರಣೆಯನ್ನು ಆರಂಭಿಸಿದಳು. ಗಂಡಸರ ಮಠಗಳು ಅದರ ನಂತರ ಬಂದವು. ಆ ಮಠದ ಚಿಕ್ಕ ತೋಟದಲ್ಲಿ ಒಬ್ಬೊಬ್ಬರೇ ಹೋಗಿ ಪ್ರಾರ್ಥಿಸಲು ಅವಳು ಸಣ್ಣ ಸಣ್ಣ ಏಕಾಂತ ಕುಟೀರಗಳನ್ನು ಕಟ್ಟಿಸಿದ್ದಳು. ಮರಗಳ ನಡುವೆ ಕುಟೀರ, ಕುಟೀರದಲ್ಲಿ ಒಂಟಿ ಧ್ಯಾನ: ಬುಸ್ಸಾಕೊದಲ್ಲಿ ಬೆಟ್ಟದಷ್ಟು ದೊಡ್ಡದಾಗಿ ಕಾಣುವ ಕಲ್ಪನೆ ಹೆಂಗಸರ ಆ ಹಿತ್ತಲಿನಲ್ಲಿ ಆಗಲೇ ಇತ್ತು. ಬುಸ್ಸಾಕೊದ ಕುಟೀರಗಳಲ್ಲಿ ಒಂದಕ್ಕೆ ತೆರೇಸಾಳ ಹೆಸರನ್ನೇ ಇಟ್ಟಿದ್ದಾರೆ. ಅವಳೇ ಬದುಕಿ ಬಂದಿದ್ದರೂ ಬಾಗಿಲಿನಲ್ಲಿ ತಡೆಯಬೇಕಾಗುತ್ತಿತ್ತು.

ಕುಟೀರಗಳ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ಪ್ರವಾಸಿಗರು ಅವುಗಳನ್ನು ನೋಡದೆ ಹೋಗುತ್ತಾರೆ. ಶಿಲುಬೆ ಹಾದಿಯ ಪ್ರಾರ್ಥನಾಲಯಗಳು ಬೇರೆ, ಇವು ಬೇರೆ. ಕಾಡಿನ ಮೂಲೆಗಳಲ್ಲಿ ಚದುರಿರುವ ಇವು ವಾಸಕ್ಕೆ ಕಟ್ಟಿದವು: ಒಂದು ಸಣ್ಣ ಪ್ರಾರ್ಥನಾ ಕೋಣೆ, ಮಲಗಲು ಒಂದು ಕೋಣೆ, ಒಂದು ತುಂಡು ಕೈತೋಟ, ಒಂದು ಗಂಟೆ. ತಪಸ್ಸು ಕಾಲದಂಥ ದಿನಗಳಲ್ಲಿ ಒಬ್ಬೊಬ್ಬ ಸಂನ್ಯಾಸಿ ಒಂದೊಂದರಲ್ಲಿ ಇರುತ್ತಿದ್ದ. ಮಠದಲ್ಲಿ ಪ್ರಾರ್ಥನೆಯ ಗಂಟೆ ಬಾರಿಸಿದಾಗ ಕುಟೀರದವನು ತನ್ನ ಗಂಟೆಯನ್ನು ಬಾರಿಸಿ ಉತ್ತರ ಕೊಡುತ್ತಿದ್ದ. ಒಂಟಿಯಾಗಿರುವವನು ಇನ್ನೂ ಇದ್ದಾನೆ, ಎಚ್ಚರವಾಗಿದ್ದಾನೆ, ಎಲ್ಲರೊಂದಿಗೆ ಪ್ರಾರ್ಥಿಸುತ್ತಿದ್ದಾನೆ ಎಂದು ಕಾಡಿಗೆಲ್ಲ ತಿಳಿಯುತ್ತಿತ್ತು. ಏಕಾಂತವನ್ನು ಇಷ್ಟು ಅಕ್ಕರೆಯಿಂದ ಏರ್ಪಡಿಸಿದ ಇನ್ನೊಂದು ವ್ಯವಸ್ಥೆಯನ್ನು ನಾನು ಕಂಡಿಲ್ಲ. ಹಲವು ಕುಟೀರಗಳ ಸೂರು ಈಗ ಕುಸಿಯುವ ಸ್ಥಿತಿಯಲ್ಲಿದೆ. ಕಪ್ಪು ಬಿಳಿ ಕಲ್ಲುಹರಳುಗಳನ್ನು ಗಾರೆಯಲ್ಲಿ ಒತ್ತಿ ಬಿಡಿಸಿದ ಚಿತ್ತಾರ ಗೋಡೆಗಳಿಂದ ಉದುರುತ್ತಿದೆ. ಮಠದ ಜಾಗದಲ್ಲಿ ಆಮೇಲೆ ಕಟ್ಟಿದ ಅರಮನೆಯ ಮುಂದೆ ಫೋಟೊ ತೆಗೆಸಿಕೊಳ್ಳುವವರ ಸಾಲು ದಿನವಿಡೀ ಕರಗುವುದಿಲ್ಲ. ಇಲ್ಲಿಗೆ ಬರುವ ಕಾಲುದಾರಿಯಲ್ಲಿ ನಮಗೆ ಯಾರೂ ಎದುರಾಗಲಿಲ್ಲ.

ಸಂತ ಜೋಸೆಫರ ಕುಟೀರದ ಬಳಿ 1644ರಲ್ಲಿ ನೆಟ್ಟದ್ದೆಂದು ಹೇಳುವ ಒಂದು ಸೈಪ್ರೆಸ್ ಮರವಿದೆ. ಬುಸ್ಸಾಕೊದ ಹೆಸರು ಸಸ್ಯಶಾಸ್ತ್ರದಲ್ಲಿ ಉಳಿದಿರುವುದು ಈ ಜಾತಿಯಿಂದ. ಬಹುಕಾಲ ಯುರೋಪಿನವರು ಇದನ್ನು ಪೋರ್ಚುಗೀಸರು ಗೋವಾದಿಂದ ತಂದದ್ದೆಂದು ನಂಬಿ ‘ಗೋವಾ ಸೀಡರ್’ ಎನ್ನುತ್ತಿದ್ದರು. ಪಶ್ಚಿಮ ಘಟ್ಟದಲ್ಲಿ ಇಂಥ ಮರ ತಾನಾಗಿ ಬೆಳೆಯುವುದಿಲ್ಲ. ಅದರ ನಿಜವಾದ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಬೆಟ್ಟಗಳು. ಮೆಕ್ಸಿಕೊ ನಗರದ ಹತ್ತಿರವೂ ಕಾರ್ಮೆಲ್ ಸಂನ್ಯಾಸಿಗಳ ಇಂಥದೇ ಒಂದು ಕಾಡುಮಠ 1606ರಿಂದ ಇತ್ತು. ಬೀಜ ಅಲ್ಲಿಂದ ಒಬ್ಬ ಸಂನ್ಯಾಸಿಯ ಜೋಳಿಗೆಯಲ್ಲಿ ಬಂದಿರಬಹುದೆಂದು ಊಹಿಸಲು ನನಗೆ ಇಷ್ಟ. ಇನ್ನೂ ಮೇಲೆ, ಸುಮಾರು 550 ಮೀಟರ್ ಎತ್ತರದ ಕ್ರೂಸ್ ಆಲ್ಟಾ ಶಿಲುಬೆಯ ಕಡೆಗೆ, ಯಾರೂ ನೆಡದ ಕಾಡು ಸಿಗುತ್ತದೆ. ಅಡೆರ್ನೊ ಎಂಬ ಮರ ಸಾಮಾನ್ಯವಾಗಿ ಮೆಡಿಟರೇನಿಯನ್ ಸೀಮೆಯಲ್ಲಿ ಪೊದೆಯ ಗಾತ್ರದಲ್ಲಿರುತ್ತದೆ. ಇಲ್ಲಿ ಅದು ಸೊಟ್ಟ ಕಾಂಡದ ನಿಜವಾದ ಮರವಾಗಿ, ಒತ್ತೊತ್ತಾಗಿ, ಹಾವಸೆ ಹೊದ್ದು ನಿಂತಿದೆ. ಸುತ್ತಲಿನ ಬೆಟ್ಟಗಳಲ್ಲಿ ಕಾಗದದ ಕಾರ್ಖಾನೆಗಳಿಗೆಂದು ಬೆಳೆಸಿದ ನೀಲಗಿರಿ ತೋಪುಗಳನ್ನು ನೋಡಿ ಬಂದವರಿಗೆ ಅರ್ಬನ್ ಪೋಪರ ಆಜ್ಞೆಯ ಬೆಲೆ ಇಲ್ಲಿ ತಿಳಿಯುತ್ತದೆ.

ಯುದ್ಧವೂ ಈ ಕಾಡಿನ ಅಂಚಿಗೆ ಬಂದಿತ್ತು. 1810ರ ಸೆಪ್ಟೆಂಬರ್ 27ರಂದು ನೆಪೋಲಿಯನ್ನನ ಸೇನಾಪತಿ ಮಸೇನಾನನ್ನು ಇದೇ ಏಣಿನ ಮೇಲೆ ತಡೆದವನು ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್. ಮಠದ ಒಂದು ಕೋಣೆಯಲ್ಲಿ ಅವನು ತಂಗಿದ್ದ. ಫ್ರೆಂಚರ ಕಡೆ ಸುಮಾರು 4,500, ಇವರ ಕಡೆ ಸುಮಾರು 1,250 ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಈ ವೆಲಿಂಗ್ಟನ್ನನೇ 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಹತ್ತಿರ ಸುಲ್ತಾನ್‌ಪೇಟೆಯ ತೋಪಿನ ಕತ್ತಲೆಯಲ್ಲಿ ದಾರಿ ತಪ್ಪಿ ಟಿಪ್ಪುವಿನ ಸೈನಿಕರಿಂದ ಸೋತು ಹಿಂದಿರುಗಿದ್ದವನು. ಗೈಡುಗಳು ಅವನ ಕೋಣೆಯನ್ನು ತುಂಬಾ ಹೆಮ್ಮೆಯಿಂದ ತೋರಿಸುತ್ತಾರೆ. ಗಾಯಾಳುಗಳಿಗೆ ಆರೈಕೆ ಮಾಡಿದ ಸಂನ್ಯಾಸಿಗಳ ಮಾತು ಅದಕ್ಕಿಂತ ಹೆಚ್ಚು ಬರಬೇಕಿತ್ತು.

1834ರಲ್ಲಿ ಪೋರ್ಚುಗಲ್ ಸರ್ಕಾರ ಸಂನ್ಯಾಸಿಗಳ ಮಠಗಳನ್ನೆಲ್ಲ ಮುಚ್ಚಿತು. 1856ರಿಂದ ಕಾಡು ಅರಣ್ಯ ಇಲಾಖೆಯ ಕೈಗೆ ಬಂತು. ಆ ಅಧಿಕಾರಿಗಳು ಪ್ರೀತಿಯಿಂದಲೇ ಕೆಲಸ ಮಾಡಿದರು. ದೂರದೇಶಗಳ ಮರಗಳನ್ನು ತರಿಸಿ ನೆಟ್ಟರು, ಒಂದು ಕಣಿವೆಯನ್ನು ಆಸ್ಟ್ರೇಲಿಯಾದ ಮರಜರಿಗಳಿಂದ ತುಂಬಿಸಿದರು. 1888ರಿಂದ 1907ರವರೆಗೆ ಮಠದ ಬಹುಭಾಗವನ್ನು ಕೆಡವಿ, ಇಟಲಿಯ ರಂಗಸಜ್ಜಿಕೆ ಕಲಾವಿದ ಲುಯಿಜಿ ಮನೀನಿಯ ನಕ್ಷೆಯಂತೆ ಅರಮನೆ ಕಟ್ಟಿದರು. ಈಗ ಅದು ಹೋಟೆಲ್. ಕೆತ್ತನೆ ಅದ್ಭುತವಾಗಿದೆ. ಆದರೆ ಕಾರ್ಕ್ ಹೊದಿಸಿದ ಆ ಕೋಣೆಗಳನ್ನು ಕೆಡವಬಾರದಿತ್ತು.

ನಿಷೇಧ ಹೋದ ಮೇಲೆ ಕಾಡು ಹಾಳಾಯಿತೇ? ನನ್ನ ಜಗಳಕ್ಕೆ ಇದು ಮುಖ್ಯ. ಆಗಲಿಲ್ಲ. ಹೆಂಗಸರು ಒಳಗೆ ಬಂದರು, ಗೋಡೆ ಉಳಿಯಿತು, ಮರಗಳೂ ಉಳಿದವು. ಎರಡು ಆಜ್ಞೆಗಳು ಒಂದೇ ಬಾಗಿಲಿನಲ್ಲಿ ಇರುವುದರಿಂದ ಒಂದಿಲ್ಲದೆ ಇನ್ನೊಂದಿಲ್ಲ ಎಂದು ಅನಿಸುತ್ತದೆ. ನಮ್ಮ ಕರಾವಳಿಯ ನಾಗಬನಗಳ ಬಗ್ಗೆಯೂ ಇದೇ ವಾದ ಕೇಳುತ್ತೇನೆ. ಕೊಂಬೆ ಮುರಿಯಬಾರದು ಎಂಬ ಕಟ್ಟಳೆ ಇರುವಲ್ಲಿಯೇ ಮೈಲಿಗೆಯ ಕಟ್ಟಳೆ ಇದೆ. ಒಂದನ್ನು ಪ್ರಶ್ನಿಸಿದರೆ ಇನ್ನೊಂದೂ ಬಿದ್ದುಹೋಗುತ್ತದೆ ಎಂದು ಹಿರಿಯರು ಹೆದರುತ್ತಾರೆ. ನಮ್ಮ ಕುಟುಂಬದ ಬನದಲ್ಲಿ ಆದದ್ದು ಬೇರೆಯೇ. ಹೆಂಗಸರು ದೂರವೇ ನಿಂತರು, ಮೈಲಿಗೆಯ ಕಟ್ಟಳೆ ಒಂದೂ ಸಡಿಲವಾಗಲಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಮರಗಳು ಮಾತ್ರ ಹೋದವು. ಗ್ರಾನೈಟ್ ಕಟ್ಟೆ ಬಂತು, ಸುತ್ತ ಇಂಟರ್‌ಲಾಕ್ ಬಂತು. ಮರವನ್ನು ಕಾಯುವುದು ಮರದ ಮೇಲಿನ ಕಾಳಜಿ. ಬುಸ್ಸಾಕೊದ ಸಂನ್ಯಾಸಿಗಳಲ್ಲಿ ಅದು ಧಾರಾಳವಾಗಿತ್ತು, ಅದಕ್ಕೆ ಅವರಿಗೆ ನಮಸ್ಕಾರ. ಹೆಣ್ಣನ್ನು ಹೊರಗಿಟ್ಟದ್ದಕ್ಕೂ ಮರ ಉಳಿದದ್ದಕ್ಕೂ ಸಂಬಂಧವಿರಲಿಲ್ಲ.

ಈಗಿನ ಅಪಾಯಗಳಿಗೆ ಗೋಡೆಯ ಲೆಕ್ಕವಿಲ್ಲ. 2013ರ ಜನವರಿಯ ಬಿರುಗಾಳಿ ಒಂದೇ ದಿನ ಇಲ್ಲಿ ಅಸಂಖ್ಯ ಮರಗಳನ್ನು ಉರುಳಿಸಿತು. ಬಿಸಿಲು ಬಿದ್ದ ಕಡೆಗಳಲ್ಲಿ ಹೊರಗಿನಿಂದ ಬಂದ ಅಕೇಶಿಯಾ ಮೊಳೆಯುತ್ತದೆ. ನೆರಳಿದ್ದ ಕಡೆಗಳಲ್ಲಿ ದಕ್ಷಿಣ ಅಮೆರಿಕದ ಟ್ರೇಡ್‌ಸ್ಕಾಂಶಿಯಾ ಬಳ್ಳಿ ನೆಲವನ್ನೆಲ್ಲ ಮುಚ್ಚಿ, ಕೆಳಗೆ ಓಕ್ ಸಸಿ ಏಳದಂತೆ ಮಾಡುತ್ತದೆ. ಅದರ ಒಂದು ಗೆಣ್ಣು ಮಣ್ಣಿನಲ್ಲಿ ಉಳಿದರೂ ಮತ್ತೆ ಹಬ್ಬುತ್ತದೆ. ಹಾಗಾಗಿ ಕೈಯಿಂದಲೇ ಕಿತ್ತು, ಚೂರುಗಳನ್ನೂ ಹೆಕ್ಕಿ, ಕಾಡಿನಿಂದ ಹೊರಗೆ ಸಾಗಿಸಬೇಕು, ಕೆಲವು ತಿಂಗಳ ನಂತರ ಮತ್ತೆ ಬಂದು ನೋಡಬೇಕು. ನಾವು ಹೋದ ದಿನ ಹಾದಿಯ ಪಕ್ಕದಲ್ಲಿ ಈ ಕೆಲಸ ನಡೆಯುತ್ತಿತ್ತು. ಕೆಲಸಗಾರರಲ್ಲಿ ಹೆಂಗಸರೇ ಹೆಚ್ಚಿದ್ದರು. ಮಗಳು ಅವರೊಂದಿಗೆ ಪೋರ್ಚುಗೀಸಿನಲ್ಲಿ ಮಾತನಾಡಿ, ಅವಳ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಬಂದು ಸೇರಬಹುದೇ ಎಂದು ಕೇಳಿದಳು. ಬರಬಹುದು, ದಪ್ಪ ಕೈಗವಸು ತರಬೇಕು ಎಂದರು. ಅವಳು ಹೆಸರು ಬರೆಸಿದಳು.